ಹತ್ತನೇ ನಂಬರಿನ ಅಂಗಿ

ಫುಟ್‌ಬಾಲ್ ಆಟಗಾರನ ಬದುಕನ್ನು ಬರೆಯುವ ಕ್ರಮ ಬಹಳ ಸರಳ. ಒಂದು ಕೋಷ್ಟಕ ಹಾಕಿದರೆ ಮುಗಿಯಿತು. ಎಡಗಡೆ ಇಸವಿ, ನಡುವೆ ಕ್ಲಬ್ಬಿನ ಹೆಸರು, ಬಲಗಡೆ ಎರಡು ಅಂಕಿ: ಆಡಿದ ಪಂದ್ಯ, ಹೊಡೆದ ಗೋಲು. ಪೆಲೆಯ ಕೋಷ್ಟಕಕ್ಕೆ ಎರಡೇ ಸಾಲು ಸಾಕಾಯಿತು, ಸಾಂಟೋಸ್ ಮತ್ತು ನ್ಯೂಯಾರ್ಕ್ ಕಾಸ್ಮಾಸ್. ಪ್ರತಿಭೆ ಮಧ್ಯಮವಾದಷ್ಟೂ ಸಾಮಾನ್ಯವಾಗಿ ಕೋಷ್ಟಕ ಉದ್ದವಾಗುತ್ತ ಹೋಗುತ್ತದೆ. ಊರು ಬಿಟ್ಟು ಊರಿಗೆ, ದೇಶ ಬಿಟ್ಟು ದೇಶಕ್ಕೆ, ಒಂದು ವರ್ಷದ ಕರಾರು ಮುಗಿದ ಮೇಲೆ ಇನ್ನೊಂದು ವರ್ಷದ ಕರಾರು. ಬ್ರೆಜಿಲ್ ದೇಶದಿಂದ ಹೀಗೆ ಹೊಟ್ಟೆಪಾಡಿಗೆ ಹೊರಟ ಹುಡುಗರಿಗೆ ಲೆಕ್ಕವಿಲ್ಲ. ಅಲೆಕ್ಸ್ ಬೆಲ್ಲೋಸ್ ಎಂಬ ಪತ್ರಕರ್ತ ಬ್ರೆಜಿಲಿನ ಫುಟ್‌ಬಾಲ್ ಬಗ್ಗೆ 2002ರಲ್ಲಿ ಒಂದು ಪುಸ್ತಕ ತಂದ. ಆ ಪುಸ್ತಕ ಶುರುವಾಗುವುದು ಬ್ರೆಜಿಲಿನಲ್ಲಲ್ಲ. ಉತ್ತರ ಅಟ್ಲಾಂಟಿಕ್ ಸಮುದ್ರದ ಚಳಿಯಲ್ಲಿ, ಫ್ಯಾರೋ ದ್ವೀಪಗಳಲ್ಲಿ. ಬಿಸಿಲುನಾಡಿನ ಹುಡುಗರು ಅಲ್ಲಿ ಕ್ಲಬ್ಬಿಗೆ ಆಡುತ್ತ, ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತ ಇರುವುದನ್ನು ಅವನು ತೋರಿಸುತ್ತಾನೆ.

ನಮ್ಮ ಮನೆಗಳಲ್ಲಿ ಟ್ರಾನ್ಸ್‌ಫರ್ ಎಂಬ ಮಾತಿಗೆ ಒಂದು ಅರ್ಥವಿದೆ. ಬ್ಯಾಂಕಿನವರ, ಪೊಲೀಸಿನವರ, ಮೇಷ್ಟ್ರ ಹೆಂಡತಿಯರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ಯಾಸಿನ ಕಾಗದ, ಮಕ್ಕಳ ಟಿ.ಸಿ., ಹೊಸ ಊರಿನಲ್ಲಿ ಹಾಲಿನವನನ್ನು ಗೊತ್ತುಮಾಡಿಕೊಳ್ಳುವುದು. ಫುಟ್‌ಬಾಲಿನವರೂ ಇದೇ ಶಬ್ದವನ್ನು ಬಳಸುತ್ತಾರೆ. ಆದರೆ ಅಲ್ಲಿ ವರ್ಗವಾಗುವವನಿಗೆ ಸರಕಿನ ಹಾಗೆ ಬೆಲೆ ಕಟ್ಟುವುದುಂಟು. ಅದರಲ್ಲೂ ಸ್ಟ್ರೈಕರ್ ಆದವನ ಪಾಡು ವಿಚಿತ್ರ. ಎದುರಾಳಿಯ ಗೋಲಿನ ಬಳಿ ಹೊಂಚುಹಾಕಿ ಚೆಂಡನ್ನು ಒಳಗೆ ಸೇರಿಸುವುದೇ ಅವನ ಕೆಲಸ. ಹದಿನೈದು ಸಲ ಸೇರಿಸಿದರೆ ಮುಂದಿನ ವರ್ಷ ಇನ್ನೊಂದು ಊರಿನವರು ಹೆಚ್ಚು ದುಡ್ಡು ಕೊಟ್ಟು ಕರೆಯುತ್ತಾರೆ. ಐದಕ್ಕೇ ನಿಂತರೆ ಊರಿಗೆ ಹೋಗುವ ವಿಮಾನದ ಟಿಕೆಟ್ಟು. ರಕ್ಷಣೆಯ ಆಟಗಾರ ಚೆನ್ನಾಗಿ ಆಡಿದನೇ ಇಲ್ಲವೇ ಎಂದು ವಾದ ಮಾಡಬಹುದು, ಸ್ಟ್ರೈಕರನ ವಿಷಯದಲ್ಲಿ ವಾದವೇ ಇಲ್ಲ. ಅಂಕಿ ಎದುರಿಗಿರುತ್ತದೆ.

ನಾನು ಇಲ್ಲಿ ಬರೆಯಲು ಹೊರಟಿರುವುದು ಅಂಥ ಒಬ್ಬನ ಬಗ್ಗೆ. ನಿಜ ಹೇಳಬೇಕೆಂದರೆ ಅವನ ಬಗ್ಗೆ ಬರೆದವರ, ನೋಡಿದವರ, ನೆನೆದವರ ಬಗ್ಗೆ.

ಕ್ರಿಸ್ಟಿಯಾನೊ ಜೂನಿಯರ್. ಹುಟ್ಟಿದ್ದು 1979ರಲ್ಲಿ. 2003-04ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಆಡಿ, ಆಗಿನ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 15 ಗೋಲು ಹೊಡೆದ. ಆ ವರ್ಷ ಅಷ್ಟು ಗೋಲು ಬೇರೆ ಯಾರೂ ಹೊಡೆದಿರಲಿಲ್ಲ. ಪ್ರಶಸ್ತಿ ಈಸ್ಟ್ ಬೆಂಗಾಲಿಗೇ ಬಂತು. ಮುಂದಿನ ವರ್ಷ ಅವನನ್ನು ಗೋವೆಯ ಡೆಂಪೊ ತಂಡ ಕರೆಸಿಕೊಂಡಿತು. ಹತ್ತನೇ ನಂಬರಿನ ಅಂಗಿ ಕೊಟ್ಟಿತು. ಬ್ರೆಜಿಲಿನವರಿಗೆ ಅದು ಪೆಲೆ ತೊಟ್ಟ ನಂಬರು. 2004ರ ಡಿಸೆಂಬರ್ 5, ಭಾನುವಾರ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಕೊನೆಯ ಪಂದ್ಯ. ಎದುರಾಳಿ ಮೋಹನ್ ಬಾಗಾನ್. ಡೆಂಪೊ 2-0 ಅಂತರದಲ್ಲಿ ಗೆದ್ದಿತು. ಎರಡೂ ಗೋಲು ಕ್ರಿಸ್ಟಿಯಾನೊನವೇ. ಎರಡನೆಯದನ್ನು ಹೊಡೆಯುವಾಗ ಮುನ್ನುಗ್ಗಿ ಬಂದ ಗೋಲ್‌ಕೀಪರಿಗೂ ಅವನಿಗೂ ಡಿಕ್ಕಿಯಾಯಿತು. ಚೆಂಡು ಬಲೆಗೆ ಹೋಯಿತು, ಅವನು ನೆಲಕ್ಕೆ ಬಿದ್ದ. ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡನೆಂದು ಹೇಳಿದರು. 25 ವರ್ಷ.

ನಮ್ಮಲ್ಲಿ ಬಹಳ ಜನಕ್ಕೆ ಕಂಠೀರವ ಎಂದರೆ ರಾಜಕುಮಾರ್ ಅವರ, ಆಮೇಲೆ 2021ರಲ್ಲಿ ಪುನೀತ್ ಅವರ ಅಂತಿಮ ದರ್ಶನದ ಜಾಗ. ಟಿವಿಯ ಮುಂದೆ ಕೂತು ಅತ್ತ ನಮಗೆ ಆ ಮೈದಾನದ ಹುಲ್ಲಿನ ಮೇಲೆಯೇ ಪರದೇಶದ ಹುಡುಗನೊಬ್ಬ ಬಿದ್ದು ಸತ್ತದ್ದು ಗೊತ್ತಿರಬೇಕೆಂದೇನೂ ಇಲ್ಲ. ನನಗೆ ಗೊತ್ತಾದದ್ದು ನನ್ನ ಅಣ್ಣನ ಮಗನಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವನಿಗೆ ಫುಟ್‌ಬಾಲಿನ ಹುಚ್ಚು. ಹಬ್ಬಕ್ಕೆ ಬಂದಾಗ ಫೋನಿನಲ್ಲಿ ಆ ದೃಶ್ಯ ತೋರಿಸಿ, "ಎಂಥ ಸಾವು ನೋಡತ್ತೆ, ಗೋಲು ಹೊಡೆದೇ ಹೋದ" ಎಂದ. ಅವನ ದನಿಯಲ್ಲಿ ದುಃಖಕ್ಕಿಂತ ಮೆಚ್ಚುಗೆ ಜಾಸ್ತಿಯಿತ್ತು.

ಆ ಮೆಚ್ಚುಗೆಯ ಬಗ್ಗೆಯೇ ನನ್ನ ತಕರಾರು. ಅವನೊಬ್ಬನದಲ್ಲ ಅದು. ಈ ಸಾವಿನ ಬಗ್ಗೆ ನಾನು ಹುಡುಕಿ ಓದಿದ ಬರಹಗಳಲ್ಲಿ ಮುಕ್ಕಾಲು ಪಾಲು ಇದೇ ಧಾಟಿಯವು. ಕೊನೆಯ ಕ್ಷಣದಲ್ಲೂ ಚೆಂಡನ್ನು ಗುರಿ ಮುಟ್ಟಿಸಿದ, ತಂಡಕ್ಕೆ ಕಪ್ಪು ತಂದುಕೊಟ್ಟು ಹೋದ, ಕ್ಲಬ್ಬಿನವರು ಹತ್ತನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದರು. ಇಷ್ಟು ಹೇಳಿ ಬರಹ ಮುಗಿಯುತ್ತದೆ. ಓದುತ್ತ ಓದುತ್ತ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೋ ಏನು, ನಮ್ಮ ಊರೂರಿನ ದೇವಸ್ಥಾನದ ಹಿಂದೆ, ಕೆರೆ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳಲ್ಲಿ. ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಿರುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಗೋಲು, ಬೀಳುವುದು, ಅಂಗಿ. ಮೂರೇ ಪಟ್ಟಿಕೆ.

ವೀರಗಲ್ಲನ್ನು ನಾನು ಹಗುರವಾಗಿ ಮಾತಾಡುತ್ತಿಲ್ಲ. ತುರು ಕಾಯಲು ಹೋಗಿ ಸತ್ತವನನ್ನು ಊರು ಮರೆಯದಿರಲೆಂದು ಮಾಡಿದ ಏರ್ಪಾಡು ಅದು. ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೇ ಶತಮಾನದಲ್ಲಿ ಕಲ್ಲು ನೆಟ್ಟರು. ಆ ಕಲ್ಲು ಇವತ್ತು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ಮ್ಯೂಸಿಯಮ್ಮಿಗೆ ಸೇರಿದೆ, ಕಂಠೀರವದಿಂದ ನಡೆದುಕೊಂಡೇ ಹೋಗಬಹುದು. ನಾಯಿಯನ್ನೂ ಮರೆಯದ ಜನ ನಾವು, ಆ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಒಂದು ಕಲಾಪ್ರಕಾರ ಏನನ್ನು ಹೇಳುತ್ತದೆ ಎಂದು ನೋಡಿದರೆ ಸಾಲದು, ಏನನ್ನು ಹೇಳಲು ಅದರಲ್ಲಿ ಜಾಗವೇ ಇಲ್ಲ ಎಂದೂ ನೋಡಬೇಕು. ವೀರಗಲ್ಲಿನಲ್ಲಿ ಗಾಯಕ್ಕೆ ಔಷಧ ಹಚ್ಚುವವರಿಲ್ಲ. ಅವನನ್ನು ಅಲ್ಲಿಗೆ ಕಳಿಸಿದವರು ಯಾರು, ಕಾಯಲು ಕೊಟ್ಟ ಕೂಲಿ ಎಷ್ಟು ಎಂಬುದಿಲ್ಲ. ಮನೆಯಲ್ಲಿ ಉಳಿದವಳು ಆ ಮೂರು ಪಟ್ಟಿಕೆಯ ಒಳಗೆ ಬರಬೇಕಾದರೆ ಅವಳೂ ಸಾಯಬೇಕು. ಆಗ ಬೇಕಾದರೆ ಪಕ್ಕದಲ್ಲಿ ಒಂದು ಮಾಸ್ತಿಕಲ್ಲು, ಬಳೆ ತೊಟ್ಟ ಒಂದು ಎತ್ತಿದ ತೋಳು.

ಕ್ರಿಸ್ಟಿಯಾನೊಗೆ ಮದುವೆಯಾಗಿತ್ತು. ನಾನು ಓದಿದ ಬರಹಗಳಲ್ಲಿ ಆ ಹೆಣ್ಣುಮಗಳಿಗೆ ಒಂದು ಸಾಲಿಗಿಂತ ಹೆಚ್ಚು ಸಿಕ್ಕಲಿಲ್ಲ.

ಈ ಧಾಟಿ ಬರೀ ಗಂಡಸರ ಆಟಕ್ಕೆ ಸೇರಿದ್ದೆಂದು ನಾವು ದೂರ ಕೂರುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ಮದುವೆ ಮುಂಜಿಗಳ ಅಡುಗೆಗೆ ಹೋಗುತ್ತಿದ್ದ ಒಬ್ಬ ಅಮ್ಮ ಇದ್ದರು. ಅವರದೂ ಒಂಥರಾ ಊರೂರು ತಿರುಗುವ ಕಸುಬೇ. ಈ ವಾರ ತಿಪಟೂರು, ಮುಂದಿನ ವಾರ ಅರಸೀಕೆರೆ. ಹೋಳಿಗೆಗೆ ಕಣಕ ನಾದುವುದರಲ್ಲಿ ಅವರ ಕೈಗೆ ಸಮ ಯಾರೂ ಇರಲಿಲ್ಲ. ಆಷಾಢದಲ್ಲಿ ಮಾತ್ರ ಮನೆಯಲ್ಲಿರುತ್ತಿದ್ದರು, ಆಗ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಒಂದು ಮದುವೆಮನೆಯಲ್ಲಿ ಒಲೆಯ ಮುಂದೆಯೇ ಕುಸಿದು ಹೋಗಿಬಿಟ್ಟರು. ಎರಡು ದಿನದಿಂದ ಎದೆ ಉರಿ ಅನ್ನುತ್ತಿದ್ದರಂತೆ. ಗ್ಯಾಸ್ಟ್ರಿಕ್ ಇರಬೇಕೆಂದು ಯಾರೋ ಸೋಡಾ ಕುಡಿಸಿದರಂತೆ. ಮಣ್ಣಿನ ದಿನ ಬಂದವರೆಲ್ಲ ಆಡಿದ ಮಾತು ಒಂದೇ: "ಪುಣ್ಯವಂತೆ, ಕೈಕಾಲು ಆಡುವಾಗಲೇ ಹೋದಳು, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ." ಮಗಳು ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಸಮಾಧಾನದ ಮಾತೇ ಅದು, ಕೆಟ್ಟ ಮನಸ್ಸಿನಿಂದ ಯಾರೂ ಆಡಿರಲಿಲ್ಲ. ಆದರೆ ಆ ಮಾತು ಬಂದ ಮೇಲೆ, ಅಷ್ಟು ಜನರ ಮದುವೆಮನೆಯಲ್ಲಿ ಒಂದು ಕಾರು ಹೊರಡಿಸಿ ಅವರನ್ನು ಡಾಕ್ಟರ ಬಳಿ ಕಳಿಸಲು ಯಾಕಾಗಲಿಲ್ಲ ಎಂದು ಕೇಳುವುದಕ್ಕೆ ಬಾಯಿಯೇ ಉಳಿಯುವುದಿಲ್ಲ. ಪುಣ್ಯ ಎಂದ ಮೇಲೆ ಇನ್ನೇನು ಕೇಳುವುದು?

ಗೋಲು ಹೊಡೆದೇ ಹೋದ ಎಂಬ ಮಾತೂ ಹಾಗೆಯೇ. ಕ್ರಿಸ್ಟಿಯಾನೊ ಬೆಂಗಳೂರಿಗೆ ವೀರನಾಗಲು ಬಂದವನಲ್ಲ, ಕೆಲಸಕ್ಕೆ ಬಂದವನು. ಎರಡನೇ ಗೋಲು ಅವನ ಪಾಲಿಗೆ ಆ ದಿನದ ಕೆಲಸದ ಇನ್ನೊಂದು ಭಾಗ. ಅದು ಮುಗಿದ ಮೇಲೆ ಕಪ್ಪು, ಫೋಟೊ, ಗೋವೆಗೆ ವಾಪಸು, ಮತ್ತೆ ಲೀಗ್, ಮುಂದಿನ ವರ್ಷ ಇನ್ನೊಂದು ಕರಾರು. ಹಾಗೆ ನೋಡಿದಾಗ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಕಾರ್ಖಾನೆಯಲ್ಲಿ ಕೆಲಸಗಾರ ಬಿದ್ದರೆ ಅವನು ಎಷ್ಟು ಧೀರನಾಗಿ ಬಿದ್ದ ಎಂದು ಯಾರೂ ಕೇಳುವುದಿಲ್ಲ. ಮದ್ದಿನ ಪೆಟ್ಟಿಗೆ ಎಲ್ಲಿತ್ತು, ಗಾಡಿ ಎಲ್ಲಿತ್ತು ಎಂದು ಕೇಳುತ್ತಾರೆ. ಆ ದಿನ ಮೈದಾನದಲ್ಲಿ ತುರ್ತು ಚಿಕಿತ್ಸೆಯ ಸಿದ್ಧತೆ ಸಾಲದಾಗಿತ್ತೆಂಬ ದೂರು ಆಗಲೇ ಎದ್ದಿತ್ತು. ಆದರೆ ಮೂರು ಪಟ್ಟಿಕೆಯ ಕತೆ ಅದಕ್ಕಿಂತ ಗಟ್ಟಿಯಾಗಿ ನಿಂತಿತು.

ಕತೆಗೆ ವೀರನಿದ್ದ ಮೇಲೆ ದುಷ್ಟನೂ ಬೇಕಲ್ಲ. ಅವನೂ ಸಿಕ್ಕಿದ. ಮೋಹನ್ ಬಾಗಾನಿನ ಗೋಲ್‌ಕೀಪರ್ ಸುಬ್ರತ ಪಾಲ್. 1986ರ ನವೆಂಬರಿನಲ್ಲಿ ಹುಟ್ಟಿದವನು, ಅಂದರೆ ಆ ಭಾನುವಾರ ಹದಿನೆಂಟು ತುಂಬಿ ಎರಡು ವಾರವೂ ಆಗಿರಲಿಲ್ಲ. ನಮ್ಮ ಮನೆಯ ಪಿಯುಸಿ ಮುಗಿಸಿದ ಹುಡುಗನ ವಯಸ್ಸು. ಅವನನ್ನು ಅಮಾನತು ಮಾಡಿದರು. ಬೇಕೆಂದೇ ಗುದ್ದಿದ ಎಂದವರಿದ್ದರು, ಇವತ್ತಿಗೂ ಆ ದೃಶ್ಯದ ಕೆಳಗೆ ಅವನನ್ನು ಬೈಯುವವರಿದ್ದಾರೆ. ನಾನು ಆ ದೃಶ್ಯವನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದೆ. ನನಗೆ ಕಂಡದ್ದು ಇಷ್ಟು: ಇಬ್ಬರು ಹುಡುಗರು, ಇಬ್ಬರೂ ಸಂಬಳಕ್ಕಿರುವವರು, ಒಂದೇ ಚೆಂಡಿಗೆ ಓಡಿ ಬರುತ್ತಿದ್ದಾರೆ. ಒಬ್ಬನ ಕೆಲಸ ಒಳಗೆ ಹಾಕುವುದು, ಇನ್ನೊಬ್ಬನ ಕೆಲಸ ತಡೆಯುವುದು. ಗೋಲ್‌ಕೀಪರ್ ಸೌಮ್ಯನಾಗಿದ್ದರೆ ಆ ಡಿಕ್ಕಿ ತಪ್ಪುತ್ತಿತ್ತೇ ಎಂದು ವಾದಿಸಬಹುದು. ಆದರೆ ಬಿದ್ದ ಮೇಲೆ ಏನಾಗಬೇಕಿತ್ತು ಎಂಬುದಕ್ಕೂ ಅವನ ಸ್ವಭಾವಕ್ಕೂ ಏನು ಸಂಬಂಧ? ದೊಡ್ಡವರು ನೋಡಿಕೊಳ್ಳಬೇಕಾದ್ದನ್ನೆಲ್ಲ ಹದಿನೆಂಟರ ಹುಡುಗನೊಬ್ಬನ ತಲೆಗೆ ಕಟ್ಟಿದ್ದು ಬಹಳ ಅನುಕೂಲವಾಯಿತು.

ಆ ಹುಡುಗ ಮುಂದೆ ಭಾರತ ತಂಡದ ಗೋಲ್‌ಕೀಪರನಾದ. 2011ರಲ್ಲಿ ದೋಹಾದಲ್ಲಿ ನಡೆದ ಏಷ್ಯನ್ ಕಪ್ಪಿನಲ್ಲಿ ದಕ್ಷಿಣ ಕೊರಿಯಾದ ಎದುರು ಅವನು ಚೆಂಡು ತಡೆದ ರೀತಿಗೆ ಪತ್ರಿಕೆಗಳು ಸ್ಪೈಡರ್‌ಮ್ಯಾನ್ ಎಂದು ಹೊಗಳಿದವು. 2014ರಲ್ಲಿ ಅವನೂ ಡೆನ್ಮಾರ್ಕಿನ ಒಂದು ಸಣ್ಣ ಕ್ಲಬ್ಬಿಗೆ ಹೋಗಿ ಪರದೇಶದ ಆಟಗಾರನಾಗಿದ್ದ. 2016ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಇಷ್ಟಾದರೂ ಅವನ ಬಗ್ಗೆ ಬರೆದ ಕಡೆಗಳಲ್ಲಿ ಬೆಂಗಳೂರಿನ ಆ ಸಂಜೆ ಬಂದೇ ಬರುತ್ತದೆ. ಸತ್ತವನಿಗೆ ಮೂರು ಪಟ್ಟಿಕೆಯ ಕಲ್ಲಾದರೆ ಬದುಕಿದವನಿಗೆ ಹೊರಲು ಅದೇ ಕಲ್ಲು.

ಅಂಗಿಯ ಮಾತಿಗೆ ಬರುತ್ತೇನೆ. ಆ ಒಂದೂವರೆ ವರ್ಷದಲ್ಲಿ ಮೈದಾನದಲ್ಲಿ ಸತ್ತವನು ಕ್ರಿಸ್ಟಿಯಾನೊ ಒಬ್ಬನೇ ಅಲ್ಲ. 2003ರ ಜೂನ್ 26ರಂದು ಕ್ಯಾಮರೂನಿನ ಮಾರ್ಕ್ ವಿವಿಯೆನ್ ಫೋಯೆ ಫ್ರಾನ್ಸಿನ ಲಿಯಾನ್‌ನಲ್ಲಿ ಕುಸಿದ. 2004ರ ಜನವರಿ 25ರಂದು ಹಂಗೇರಿಯ ಮಿಕ್ಲೋಸ್ ಫೆಹೆರ್ ಪೋರ್ಚುಗಲ್‌ನಲ್ಲಿ. ಅದೇ ವರ್ಷದ ಅಕ್ಟೋಬರ್ 27ರಂದು ಬ್ರೆಜಿಲಿನ ಸೆರ್ಜಿನ್ಯೊ ತನ್ನದೇ ದೇಶದ ಸಾವೊ ಪಾಲೊದಲ್ಲಿ. ಫೋಯೆ ಆಡಿದ್ದ ಮ್ಯಾಂಚೆಸ್ಟರ್ ಸಿಟಿ ತನ್ನ 23ನೇ ನಂಬರನ್ನು ಎತ್ತಿಟ್ಟಿತು. ಫೆಹೆರನ ಬೆನ್‌ಫಿಕಾ 29ನ್ನು ಎತ್ತಿಟ್ಟಿತು. ಡೆಂಪೊ ಹತ್ತನ್ನು. ಅಂಗಿ ಎತ್ತಿಡುವುದು ಒಳ್ಳೆಯ ಮನಸ್ಸಿನ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಸತ್ತವರ ಸೀರೆಯನ್ನು ನಾವೂ ಟ್ರಂಕಿನ ತಳದಲ್ಲಿ ಇಡುತ್ತೇವೆ. ಆದರೆ ಸೆರ್ಜಿನ್ಯೊನ ಸಾವಿನ ನಂತರ ಬ್ರೆಜಿಲಿನಲ್ಲಿ ನಡೆದದ್ದು ಬೇರೆ. ಅಲ್ಲಿನ ಕ್ರೀಡಾ ನ್ಯಾಯಮಂಡಳಿ ಅವನ ಕ್ಲಬ್ಬು ಸಾವೊ ಕೆಟಾನೊವನ್ನು ಹಿಡಿದು ಪ್ರಶ್ನೆ ಮಾಡಿತು. ಅವನ ಹೃದಯದ ತೊಂದರೆ ಗೊತ್ತಿದ್ದೂ ಆಡಿಸಿದಿರಿ ಎಂದು ಲೀಗಿನ 24 ಅಂಕಗಳನ್ನು ಕಳೆಯಿತು. ಕ್ಲಬ್ಬಿನ ಅಧ್ಯಕ್ಷನನ್ನೂ ವೈದ್ಯನನ್ನೂ ಅಮಾನತು ಮಾಡಿತು. ಆ ಶಿಕ್ಷೆ ನ್ಯಾಯವೋ ಅತಿಯೋ, ನನ್ನಂಥವಳು ತೀರ್ಮಾನಿಸಲಾರೆ. ಆದರೆ ಅಲ್ಲಿ ಪ್ರಶ್ನೆ ಹೋಗಿ ನಿಂತದ್ದು ಕುರ್ಚಿಯ ಮೇಲೆ ಕೂತವರ ಮುಂದೆ. ಐದಾರು ವಾರಗಳ ಅಂತರದಲ್ಲಿ ಸತ್ತ ಇಬ್ಬರು ಬ್ರೆಜಿಲಿನವರು. ಇಲ್ಲಿ ನಮ್ಮ ಸಿಟ್ಟು ಹೋಗಿ ನಿಂತದ್ದು ಗೋಲ್‌ಕೀಪರಿನ ಮುಂದೆ.

ಇದನ್ನೆಲ್ಲ ಓದುವಾಗ ನನಗೆ ಹೋಸೆ ರಾಮಿರೆಜ್ ಬರೆಟೊ ಎಂಬ ಇನ್ನೊಬ್ಬ ಬ್ರೆಜಿಲಿನವನು ಬಹಳ ಇಷ್ಟವಾದ. ಅವನೂ ಸ್ಟ್ರೈಕರನೇ. ಪೋರ್ಟೊ ಅಲೆಗ್ರೆ ಊರಿನಿಂದ 1999ರಲ್ಲಿ ಮೋಹನ್ ಬಾಗಾನಿಗೆ ಬಂದ. ಬಂಗಾಳಿಗಳು ಅವನನ್ನು ಸೊಬುಜ್ ತೋತಾ, ಅಂದರೆ ಹಸಿರು ಗಿಣಿ ಎಂದು ಕರೆದರು. ನಡುವೆ ಮಲೇಷ್ಯಾಕ್ಕೆ ಹೋದ, ಬಂದು ಮುಂಬಯಿಯ ಮಹೀಂದ್ರ ಯುನೈಟೆಡ್‌ಗೆ 2005-06ರ ಲೀಗ್ ಗೆಲ್ಲಿಸಿಕೊಟ್ಟ, ಮತ್ತೆ ಮೋಹನ್ ಬಾಗಾನಿಗೆ ಮರಳಿದ. 2012ರ ಮೇ ತಿಂಗಳಲ್ಲಿ ಆ ಕ್ಲಬ್ಬಿನ ಕೊನೆಯ ಪಂದ್ಯ ಆಡಿದಾಗ ಜನ ಅತ್ತರು. ಅತ್ತದ್ದಾದ ಮೇಲೆ ಅವನೇನು ಮಾಡಿದ ಅಂತೀರಿ? ಅದೇ ಕಲ್ಕತ್ತೆಯ ಭವಾನಿಪುರ ಎಂಬ ಚಿಕ್ಕ ಕ್ಲಬ್ಬಿಗೆ ಆಡಲು ಹೋದ. ಬೀಳ್ಕೊಡುಗೆಯ ಹಾರ ಒಣಗುವ ಮುಂಚೆ ಇನ್ನೊಂದು ಕಡೆ ಕೆಲಸಕ್ಕೆ ಹಾಜರಾಗುವ ನಿವೃತ್ತ ಮೇಷ್ಟ್ರ ಹಾಗೆ. ಈ ಕತೆಯಲ್ಲಿ ಅಪ್ಸರೆಯರಿಲ್ಲ. ಅವನು ತನ್ನ ಕಾಲ ಮೇಲೆ ನಡೆದುಕೊಂಡು ಮೈದಾನದಿಂದ ಹೊರಗೆ ಹೋದ. ಊರೂರು ಅಲೆಯುವ ಕಸುಬಿನವನಿಗೆ ಸಿಗಬಹುದಾದ ದೊಡ್ಡ ಪ್ರಶಸ್ತಿ ಅದೇ ಎಂದು ನನಗನ್ನಿಸುತ್ತದೆ. ಕ್ರಿಸ್ಟಿಯಾನೊನ ಕೋಷ್ಟಕವೂ ಹಾಗೆ ಉದ್ದವಾಗಿ, ಗೋಲು ಕಡಿಮೆಯಾಗುತ್ತ, ಕ್ಲಬ್ಬುಗಳು ಸಣ್ಣದಾಗುತ್ತ ಹೋಗಬೇಕಿತ್ತು. ಕೊನೆಗೆ ಯಾರೂ ಗಮನಿಸದ ಹಾಗೆ ನಿಲ್ಲಬೇಕಿತ್ತು.

ನಿಂತ ಹೃದಯ ಮತ್ತೆ ಮಿಡಿಯುವುದು ಪವಾಡವೇನಲ್ಲ ಎಂಬುದು ಆಮೇಲಿನ ವರ್ಷಗಳಲ್ಲಿ ಎಲ್ಲರ ಕಣ್ಣೆದುರಿಗೇ ನಡೆಯಿತು. ಎದೆಯನ್ನು ಒತ್ತುತ್ತಿರಬೇಕು. ಡಿಫಿಬ್ರಿಲೇಟರ್ ಎಂಬ ಪುಟ್ಟ ಯಂತ್ರದಿಂದ ಎದೆಗೆ ವಿದ್ಯುತ್ತಿನ ಆಘಾತ ಕೊಡಬೇಕು. ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳೆಂಟರಷ್ಟು ಇಳಿಯುತ್ತದೆ ಎನ್ನುತ್ತಾರೆ ವೈದ್ಯರು. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದಾಗ ಇದೆಲ್ಲ ಅಲ್ಲೇ ಇತ್ತು. ಅವನು ಬದುಕಿದ, ಮುಂದಿನ ವರ್ಷವೇ ಮತ್ತೆ ಆಡಿದ. ಆ ದಿನ ಜೊತೆಯ ಆಟಗಾರರು ಅವನ ಸುತ್ತ ಬೆನ್ನು ತಿರುಗಿಸಿ ನಿಂತು ಕ್ಯಾಮೆರಾಗಳಿಗೆ ಮರೆ ಮಾಡಿದ್ದರು. ಅವನ ಸಂಗಾತಿ ಮೈದಾನಕ್ಕೆ ಇಳಿದು ಬಂದಾಗ ತಂಡದ ನಾಯಕನೂ ಗೋಲ್‌ಕೀಪರನೂ ಅವಳನ್ನು ಹಿಡಿದುಕೊಂಡು ಸಮಾಧಾನ ಮಾಡಿದರು. ಗೋಲು ಯಾರದು ಎಂದು ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಅದಕ್ಕೂ ಮುಂಚೆ, 2012ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಫ್ಯಾಬ್ರಿಸ್ ಮುವಾಂಬ ಎಂಬ ಆಟಗಾರ ಪಂದ್ಯದ ನಡುವೆ ಕುಸಿದಿದ್ದ. ಪ್ರೇಕ್ಷಕರ ನಡುವೆ ಕೂತಿದ್ದ ಒಬ್ಬ ಹೃದಯತಜ್ಞರು ಮೈದಾನಕ್ಕೆ ಓಡಿದರು. ಅವನ ಹೃದಯ 78 ನಿಮಿಷ ತಾನಾಗಿ ಮಿಡಿದಿರಲಿಲ್ಲ. ಕೈಬಿಡದೆ ಚಿಕಿತ್ಸೆ ಮಾಡುತ್ತಲೇ ಹೋದರು, ಬದುಕಿಸಿದರು. ಆ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂತು. ಅದಾದ ನಾಲ್ಕನೆಯ ದಿನ, ಮಾರ್ಚ್ 21ರಂದು, ಬೆಂಗಳೂರಿನಲ್ಲಿ ಜಿಲ್ಲಾ ಲೀಗಿನ ಒಂದು ಪಂದ್ಯ ನಡೆದಿತ್ತು. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಮೈದಾನದಲ್ಲಿ ಕುಸಿದ. ಆಂಬುಲೆನ್ಸ್ ಇರಲಿಲ್ಲ. ಜೊತೆಯವರು ಅವನನ್ನು ಎತ್ತಿಕೊಂಡು ರಸ್ತೆಗೆ ಬಂದು, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅವನು ಉಳಿಯಲಿಲ್ಲ. ಕ್ರಿಸ್ಟಿಯಾನೊ ಹೋಗಿ ಏಳು ವರ್ಷ ದಾಟಿತ್ತು.